ಎ.ಸಿ. ಗುಂಡಿ ಎಂಬ ಅರ್ಜಿ

ಎದುರು ಮಾತಾಡುವವರ ಮೇಲೆ ಬಂದ ಸಿಟ್ಟು ನಾಲ್ಕು ಮಾತು ಅಂದು, ನಾಲ್ಕು ಅನ್ನಿಸಿಕೊಂಡರೆ ಇಳಿದುಹೋಗುತ್ತದೆ. ಬಾಯಿಯೇ ಇಲ್ಲದ್ದರ ಮೇಲೆ ಬಂದ ಸಿಟ್ಟು ಹೊಟ್ಟೆಯಲ್ಲೇ ಕುದಿಯುತ್ತಿರುತ್ತದೆ. ನನಗೀಗ ಕುದಿಯುತ್ತಿರುವುದು ನನ್ನ ಕಾರಿನ ಎಂಜಿನ್ ಕಂಪ್ಯೂಟರಿನ ಮೇಲೆ. ಕಾರು ನನ್ನದು, ಪೆಟ್ರೋಲು ನನ್ನದು, ಎ.ಸಿ. ಗುಂಡಿ ಒತ್ತುವ ಬೆರಳೂ ನನ್ನದೇ. ಆದರೆ ಗುಂಡಿ ಒತ್ತುವುದೆಂದರೆ ಬರೀ ಅರ್ಜಿ ಹಾಕಿದ ಹಾಗೆ! ಎಂಜಿನ್ ಎಷ್ಟು ಕಾದಿದೆ, ನನ್ನ ಕಾಲು ಆಕ್ಸಿಲರೇಟರನ್ನು ಎಷ್ಟು ತುಳಿದಿದೆ ಎಂದೆಲ್ಲ ನೋಡಿ, ಒಪ್ಪಿಗೆಯಾದರೆ ಮಾತ್ರ ಆ ಮಹಾಶಯ ತಂಪು ಮಾಡುವ ಕಂಪ್ರೆಸರಿಗೆ ಅಪ್ಪಣೆ ಕೊಡುತ್ತಾನೆ. ಏರಿನಲ್ಲಿ ಜೋರಾಗಿ ತುಳಿದರೆ ಎಂಜಿನ್ನಿಗೆ ಭಾರವೆಂದು ಕಂಪ್ರೆಸರನ್ನೇ ನಿಲ್ಲಿಸಿಬಿಡುತ್ತಾನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನಗೆ ಇದೆಲ್ಲ ಚೆನ್ನಾಗಿ ಗೊತ್ತು. ಗೊತ್ತಿದ್ದರೆ ಸಿಟ್ಟು ಕಡಿಮೆಯಾಗುತ್ತದೆಂದು ಯಾರು ಹೇಳಿದರೋ!

ಮೊನ್ನೆ ಕನಕಪುರದಿಂದ ಚಾಕಿ ಹುಳು ತರಬೇಕಿತ್ತು. ಚಾಕಿಯೆಂದರೆ ಎಳೆಯ ರೇಷ್ಮೆ ಹುಳು; ಬಿಸಿ ತಾಗಿದರೆ ಬಾಡಿ, ರೋಗ ಹತ್ತಿ, ಇಡೀ ಬೆಳೆ ತಿಪ್ಪೆ ಸೇರುತ್ತದೆ. ನನ್ನ ಹೆಂಡತಿ ಗಿರಿಜೆ ತಾನೇ ಹಿಪ್ಪುನೇರಳೆ ಬೆಳೆದು, ಹುಳು ಮನೆ ತೊಳೆದು, ಸುಣ್ಣ ಬಳಿದು ಕಾದಿದ್ದಳು. "ಕೋಳಿ ಕೂಗೋ ಹೊತ್ಗೆ ಹೊಂಟ್ಬುಡಾನ ಕಣ್ರೀ" ಅಂದಳು. "ಎ.ಸಿ. ಐತೆ ಬುಡೇ" ಎಂದು ನಾನು ಮಗ್ಗುಲು ಬದಲಿಸಿದೆ. ಹುಳುವಿನ ತಟ್ಟೆಗಳನ್ನು ಹಿಂದಿನ ಸೀಟಿನ ಮೇಲೂ ಕೆಳಗೂ ಜೋಡಿಸಿಕೊಂಡು ಕನಕಪುರ ಬಿಟ್ಟಾಗ ಬಿಸಿಲು ನೆತ್ತಿಗೇರಿತ್ತು.

ರಾಮನಗರ ದಾಟಿ ಮಾಗಡಿ ದಾರಿಯ ಏರು ಸಿಕ್ಕಿತು. ಬೇಗ ಮನೆ ಸೇರೋಣವೆಂದು ತುಳಿದೆ. ತಣ್ಣನೆ ಗಾಳಿ ಹೋಗಿ ಒಲೆಯ ಮುಂದೆ ಕೂತಂತಾಯಿತು. "ಥೂ ನಿನ್ನ ಮನೆ ಹಾಳಾಗ!" ಎಂದು ಇನ್ನೂ ತುಳಿದೆ. ಗಾಳಿ ಇನ್ನೂ ಬಿಸಿಯಾಯಿತು. ಗುಂಡಿಯನ್ನು ಗುದ್ದಿದೆ. ಅದನ್ನು ಮಾಡಿದವರ ವಂಶವನ್ನೆಲ್ಲ ಜಾಲಾಡಿದೆ.

ಹಿಂದೆ ತಟ್ಟೆಗಳಿಗೆ ಒದ್ದೆ ಬಟ್ಟೆ ಮುಚ್ಚುತ್ತಿದ್ದ ಗಿರಿಜೆ ಕೂಗಿದಳು. "ರೀ, ಒಸಿ ಕಾಲೆತ್ತಿ! ಹುಳ ಒದ್ದಾಡ್ತಾವೆ!"

"ಕಾಲೆತ್ತಿದ್ರೆ ಮನೆ ಸೇರೋದು ಯಾವಾಗ್ಲೇ? ಇವತ್ತು ಇದಾ, ನಾನಾ, ನೋಡೇಬುಡ್ತೀನಿ!"

"ನಿಮ್ ಸಿಟ್ಟು ಅದಕ್ಕೇನ್ ಗೊತ್ತಾದದು? ಸಾಯೋದು ನನ್ ಹುಳ. ನಿಲ್ಸಿ, ಇಳೀರಿ ಕೆಳಿಕ್ಕೆ."

ಇಳಿದೆ. ಅವಳಿಗೆ ಕಾರು ಕಲಿಸಿದವನೂ ನಾನೇ. ಒಂದು ತಟ್ಟೆ ಮಡಿಲಲ್ಲಿಟ್ಟುಕೊಂಡು ಹಿಂದೆ ಮುದುರಿ ಕೂತೆ. ಅವಳೋ, ಗಬ್ಬದ ಹಸು ಹೊಡೆದುಕೊಂಡು ಹೋಗುವವಳಂತೆ ನಿಧಾನಕ್ಕೆ ಏರು ಹತ್ತಿಸಿದಳು. ಕಂಪ್ರೆಸರು ಟಕ್ಕನೆ ಮತ್ತೆ ಶುರುವಾಯಿತು, ತಂಪು ಬಂತು. ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ನನಗೆ ತಡೆಯಲಾಗಲಿಲ್ಲ, ನನಗರಿವಿಲ್ಲದೆ ಬಲಗಾಲು ಕೆಳಗೆ ಒತ್ತತೊಡಗಿತು; ಕಾಲಡಿಯ ತಟ್ಟೆ ಕಿರ್ರೆಂದಿತು.

"ರೀ, ಅಲ್ಲೂ ತುಳೀಬ್ಯಾಡಿ, ತಟ್ಟೆ ಐತೆ!"

ಕಾಲೆತ್ತಿದೆ. ಆ ಕಾಲನ್ನು ಸೀಟಿನ ಮೇಲೆ ಮಡಚಿಟ್ಟುಕೊಂಡು ಸಾವನದುರ್ಗ ಕಾಣುವವರೆಗೂ ಹಾಗೇ ಕೂತಿದ್ದೆ. ಬಟ್ಟೆ ಸರಿಸಿ ನೋಡಿದರೆ ಹುಳುಗಳು ನೆಮ್ಮದಿಯಾಗಿದ್ದವು. ಗಾಳಿ ತಣ್ಣಗೆ ಬರುತ್ತಲೇ ಇತ್ತು. ಅದು ಅವಳ ಕೈಯಲ್ಲೂ ಒಂದೇ ಒಂದು ಸಲ ನಿಂತುಹೋಗಲಪ್ಪಾ ಎಂದು, ಹುಳುಗಳನ್ನು ಮಡಿಲಲ್ಲಿಟ್ಟುಕೊಂಡೇ, ಬೆಟ್ಟದ ದೇವರಿಗೆ ಹರಕೆ ಹೊತ್ತೆ.