ಪಟ್ಟಿಯಲ್ಲಿದ್ದ ವಾಷಿಂಗ್ ಮಷಿನ್

ವಜೀಹ್‌ನ ಆಪ್ ಶುರುವಾಗಿ ಒಂಬತ್ತು ದಿನವಾಗಿತ್ತು. ಹಳೆಯ ಫೋನು, ಟಿ.ವಿ., ಫ್ರಿಜ್ಜು ಕೊಳ್ಳುವ, ಮಾರುವ ಆಪ್. ಇಡೀ ಕೈರೋದಲ್ಲಿ ಅದನ್ನು ಹಾಕಿಕೊಂಡವರು ಹನ್ನೊಂದು ಮಂದಿ, ಎಲ್ಲರೂ ಹೆಂಡತಿ ಇನಾಸ್‌ಳ ನೆಂಟರು. ಮಾರಲು ಮಾತ್ರ ಒಂದೂ ಸಾಮಾನಿಲ್ಲ. ಖಾಲಿ ಅಂಗಡಿ ನೋಡಲು ಚೆನ್ನಾಗಿರುವುದಿಲ್ಲವೆಂದು ಬೆಳಿಗ್ಗೆ ಮನೆಯ ವಾಷಿಂಗ್ ಮಷಿನ್ನಿನ ಫೋಟೊ ತೆಗೆದು ಹಾಕಿದ. ಬರೀ ತೋರಿಕೆಗೆ. ಯಾರೂ ಕೊಳ್ಳುವುದಿಲ್ಲ ಎಂಬ ಧೈರ್ಯ ಅವನಿಗಿತ್ತು.

ರೊಟ್ಟಿಯ ಸಾಲಿನಲ್ಲಿ ನಿಂತು ವಾಪಸ್ ಬರುವಷ್ಟರಲ್ಲಿ ಮಷಿನ್ ಇದ್ದ ಜಾಗದಲ್ಲಿ ನಾಲ್ಕು ತುಕ್ಕಿನ ಗುರುತುಗಳಷ್ಟೇ ಉಳಿದಿದ್ದವು.

"ಬಂದ್ರಾ ಎಂಜಿನಿಯರ್ ಸಾಹೇಬ್ರೇ!" ಕಟ್ಟಡದ ಕಾವಲುಗಾರ ಸಾಬಿರ್ ಬೆವರು ಒರೆಸಿಕೊಂಡ. "ನಿಮ್ಮ ಆಪ್‌ನೋರು ಗಾಡಿ ಕಳ್ಸಿದ್ರು. ಮೊದಲ್ನೇ ವ್ಯಾಪಾರ ಅಂತ ನನ್ ಹತ್ರ ಇರೋ ಕೀಲೀಲಿ ನಾನೇ ಬೀಗ ತೆಗ್ದು, ಹೆಗಲು ಕೊಟ್ಟು ಇಳಿಸ್ದೆ. ಏನ್ ಭಾರ ಸ್ವಾಮಿ!"

ದುಡ್ಡು ಬಿದ್ದ ಕೂಡಲೇ ತಾನಾಗಿ ಗಾಡಿ ಕರೆಯುವಂತೆ ಆಪ್ ಮಾಡಿದವನು ವಜೀಹನೇ. ಕೊಂಡವರ, ಮಾರಿದವರ ಹೆಸರು, ವಿಳಾಸ ತನಗೂ ಸೇರಿ ಯಾರಿಗೂ ಕಾಣದಂತೆ ಮಾಡಿದವನೂ ಅವನೇ.

ಎದುರುಮನೆಯ ಉಮ್ಮ್ ಫಾಯ್ಜಾ ಬಾಲ್ಕನಿಯಿಂದ ಬಗ್ಗಿದಳು. "ಅಯ್ಯೋ, ಅದು ಇನಾಸ್‌ಳ ಮದ್ವೆ ಪಟ್ಟೀಲಿರೋ ಮಷಿನ್ ಅಲ್ವೇನೋ? ಇದೆಲ್ಲ ಹೆಂಡ್ತಿ ಸೊತ್ತು, ಮಾರಿದ್ರೂ ಕಳೆದ್ರೂ ಜೈಲು ಅಂತ ನೀನು ಸಹಿ ಹಾಕಿದ ಪಟ್ಟಿ ಅವಳಪ್ಪನ ಹತ್ರ ಇದೆ. ನನ್ ತಂಗಿ ಗಂಡ ಪಟ್ಟೀಲಿದ್ದ ಮಿಕ್ಸಿ ಮಾರಿ ಆರು ತಿಂಗಳು ಒಳಗಿದ್ದ. ಬರೀ ಮಿಕ್ಸಿ ಕಣಪ್ಪ!"

ವಜೀಹ್ ಗಡಿಯಾರ ನೋಡಿದ. ಇನಾಸ್ ಪಾಠ ಮುಗಿಸಿ ಶಾಲೆಯಿಂದ ಬರುವುದು ಮೂರಕ್ಕೆ; ಅಷ್ಟರಲ್ಲಿ ಮಷಿನ್ ವಾಪಸ್ ಬರಬೇಕು. ಗಾಡಿಯ ಚಾಲಕನಿಗೆ ಫೋನ್ ಮಾಡಿದರೆ "ಶುಬ್ರಾ ಕಡೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಸಿಕ್ಕ ವ್ಯಾನು ಹತ್ತಿ ಶುಬ್ರಾ ಬಡಾವಣೆಯಲ್ಲಿ ಇಳಿದು ಮತ್ತೆ ಫೋನ್ ಮಾಡಿದ.

"ಗಿರಣಿ ದಾಟಿ ಎಡಕ್ಕೆ ಬನ್ನಿ."

ವಜೀಹ್‌ನ ಕಾಲು ನಿಧಾನವಾಯಿತು. ಆ ಬೀದಿ ಅವನಿಗೆ ಗೊತ್ತು.

"ಹಸಿರು ಗೇಟು. ಎರಡ್ನೇ ಮಹಡಿ."

ಆ ಗೇಟೂ ಗೊತ್ತು. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಬಾಗಿಲು ತೆಗೆದವರು ಅವನ ಮಾವ, ಹಾಜಿ ಬಯೂಮಿ.

"ಬಾರೋ ಮಗಾ! ಇನಾಸ್ ತಂಗಿ ಮದ್ವೇಗೆ ಮಷಿನ್ ಬೇಕಿತ್ತು. ನಿನ್ ಆಪ್‌ನಾಗೇ ತಗೊಂಡೆ. ಯಾವನೋ ಪೆದ್ದ ನೀರಿನ ಬೆಲೆಗೆ ಮಾರವ್ನೆ!"

ವಜೀಹ್ ಮಾವನ ಕೈ ಹಿಡಿದುಕೊಂಡ. "ಆ ಪೆದ್ದ ನಾನೇ ಮಾವ. ಮಿಕ್ಸಿ ಮಾರಿದವ್ನಿಗೇ ಆರು ತಿಂಗಳಾಯ್ತಂತೆ, ನನ್ನ ಜೈಲಿಗೆ ಮಾತ್ರ ಹಾಕಿಸ್ಬೇಡಿ."

ಹಾಜಿ ಮೀಸೆ ನೀವಿಕೊಂಡರು. ಆಮೇಲೆ ಬೀರುವಿನಿಂದ ಪಟ್ಟಿ ತಂದರು.

"ಮಷಿನ್ ತಗೊಂಡ್ಹೋಗು. ಇನಾಸ್‌ಗೆ ನಾನೇನೂ ಹೇಳಲ್ಲ. ಇಲ್ಲಿ ಒಂದೇ ಒಂದು ಸಾಲು ಸೇರಿಸ್ತೀನಿ, ಸಹಿ ಹಾಕು."

ಬದುಕಿದೆಯಾ ಬಡಜೀವವೇ ಎಂದುಕೊಂಡು ವಜೀಹ್ ಓದದೆ ಸಹಿ ಹಾಕಿದ, ಮಾವನ ಕೈಗೂ ಮುತ್ತಿಟ್ಟ. ಓದಿದ್ದು ಆಮೇಲೆ. ಫ್ರಿಜ್ಜು ಮತ್ತು ಹನ್ನೆರಡು ಚಮಚಗಳ ನಡುವೆ ಹಾಜಿ ದುಂಡಗೆ ಬರೆದಿದ್ದರು: "ಆಪ್, ಒಂದು. ಸುಸ್ಥಿತಿಯಲ್ಲಿದೆ."

"ಮಾವ, ವ್ಯಾಪಾರ ನಡೀದೆ ಆಪ್ ಮುಚ್ಚೋ ಹಾಗಾದ್ರೆ?"

"ಮಿಕ್ಸಿಗೆ ಆರು ತಿಂಗಳಂತೆ," ಎಂದರು ಹಾಜಿ, ಚಹಾಕ್ಕೆ ಸಕ್ಕರೆ ಹಾಕುತ್ತಾ. "ಆಪ್‌ಗೆ ಎಷ್ಟು ಅಂತ ವಕೀಲರನ್ನ ಕೇಳ್ಬೇಕು."