ನೋವಿಲ್ಲದ ಆಸ್ಪತ್ರೆಯ ಸಂತೃಪ್ತಿ ಅಧಿಕಾರಿ

ನೀಲಗಿರಿಯ ನಮ್ಮ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಯಾರಿಗೂ ನೋವಾಗುವುದಿಲ್ಲ. ಇದು ನಾವು ಕೊಚ್ಚಿಕೊಳ್ಳುವ ಮಾತಲ್ಲ, ಸರ್ಕಾರವೇ ಒಪ್ಪಿ ಮೊಹರು ಒತ್ತಿದ ಸಂಗತಿ.

ಮೊದಲು ಹೀಗಿರಲಿಲ್ಲ. ಜನ ನೋವೆಂದು ಮನಸ್ಸಿಗೆ ಬಂದ ಹಾಗೆ ಕಿರುಚುತ್ತಿದ್ದರು. ಅರವತ್ತರ ದಶಕದಲ್ಲಿ ಮದರಾಸಿನಿಂದ ಒಂದು ಆಜ್ಞೆ ಬಂತು: 'ಅರಿವಳಿಕೆ ಹಾಗೂ ನೋವು ಶಮನದ ಬಗ್ಗೆ ರೋಗಿಗಳ ಸಂತೃಪ್ತಿಯನ್ನು ವಿಚಾರಿಸತಕ್ಕದ್ದು. ಸಂತೃಪ್ತಿ ಕಡಿಮೆ ಕಂಡುಬಂದಲ್ಲಿ ವಿಚಾರಿಸಿದವರೇ ಹೊಣೆ.' ವಿಚಾರಿಸುವ ಕೆಲಸ ಆಸ್ಪತ್ರೆಯ ಗುಮಾಸ್ತನಾದ ನನ್ನ ಕೊರಳಿಗೆ ಬಿತ್ತು.

ಅಪೆಂಡಿಕ್ಸ್ ತೆಗೆಸಿಕೊಂಡು ಮಲಗಿದ್ದ ಕೆಂಪಿಯ ಹತ್ತಿರ ಮೊದಲು ಹೋದೆ. ಟೀ ಎಸ್ಟೇಟಿನಲ್ಲಿ ಎಲೆ ಕೀಳುವ ಹೆಂಗಸು, ಈಥರಿನ ಅಮಲು ಆಗತಾನೇ ಇಳಿದಿತ್ತು.

"ಅಮ್ಮಾ, ಅರಿವಳಿಕೆ ಸೇವೆಯಿಂದ ತಾವು ಸಂತೃಪ್ತರೇ?"

"ಬಾ ಇಲ್ಲಿ. ನಿನ್ನ ಹೊಟ್ಟೆ ಕೊಯ್ದು ನಾನೂ ಅದನ್ನೇ ಕೇಳ್ತೀನಿ" ಎಂದಳು.

ಇದನ್ನು ವರದಿಯಲ್ಲಿ ಹೇಗೆ ಬರೆಯುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಮಲ್ಲ ಗೌಡರು ಆ ದಾರಿಯಾಗಿ ಬಂದರು. ಗೌಡರು ಹಟ್ಟಿಗೆಲ್ಲ ಹಿರಿಯರು. ಹರ್ನಿಯಾ ಆಪರೇಷನ್ನಿಗೆಂದು ದಾಖಲಾಗಿ, ಸರದಿ ಬರುವವರೆಗೆ ಬಿಳಿ ಮುಂಡಾಸು ಸುತ್ತಿಕೊಂಡು ವಾರ್ಡಿನಲ್ಲಿ ಅಡ್ಡಾಡುತ್ತಿದ್ದರು. ಅವರಿಗೆ ಜೀವನದಲ್ಲಿ ಇದ್ದ ಹೆದರಿಕೆ ಒಂದೇ, ಚಾಕು. "ಆ ಮೂಗಿಗೆ ಹಿಡಿಯೋ ಔಷಧಿ ನನಗೆ ಧಾರಾಳವಾಗಿ ಕೊಡಿ ಡಾಕ್ಟ್ರೇ" ಎಂದು ದಿನವೂ ಜ್ಞಾಪಿಸುತ್ತಿದ್ದರು.

ಅವರನ್ನು ಕಂಡದ್ದೇ ಕೆಂಪಿ ನರಳಾಟ ನುಂಗಿ ತಲೆ ಬಾಗಿಸಿದಳು. ಗೌಡರು ಅವಳ ತಲೆಯ ಮೇಲೆ ಕೈಯಿಟ್ಟು, "ಬದುಕು, ಬದುಕು. ಒಳ್ಳಿತ್ತಾ?" ಎಂದರು.

"ಒಳ್ಳಿತ್ತು, ಅಯ್ಯ."

ನಮ್ಮ ಹಟ್ಟಿಗಳ ರೀತಿಯೇ ಹಾಗೆ. ಹಿರಿಯರ ಕೈ ತಲೆಯ ಮೇಲಿರುವಾಗ ಎಲ್ಲವೂ ಒಳ್ಳಿತ್ತು, ಚೆನ್ನಾಗಿದೆ ಎಂದೇ ಉತ್ತರ. ಮನೆ ಸುಟ್ಟುಹೋದವನೂ ಮೊದಲು ಒಳ್ಳಿತ್ತು ಎಂದು, ಕೈ ತೆಗೆದ ಮೇಲೆ ಸುಟ್ಟ ಸುದ್ದಿ ಹೇಳುತ್ತಾನೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮುಖ್ಯ ವೈದ್ಯ ಜಯರಾಮನ್ ಅವರ ಮುಖ ಹಿಗ್ಗಿತು. ತಂಜಾವೂರಿನ ಕಡೆಯವರಾದರೂ ಉಪಯೋಗಕ್ಕೆ ಬರುವ ಸಂಪ್ರದಾಯವನ್ನು ಅವರು ಎಲ್ಲಿದ್ದರೂ ಗೌರವಿಸುವವರು.

ಮರುದಿನವೇ ಮಲ್ಲ ಗೌಡರು 'ಗೌರವ ಸಂತೃಪ್ತಿ ಅಧಿಕಾರಿ'ಯಾದರು. ಒಂದು ಕುರ್ಚಿ, ಒಂದು ಶಾಲು ಮಂಜೂರಾಯಿತು. ಅವರು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೈಯಿಡುವುದು, ನಾನು ಹಿಂದಿನಿಂದ ಒಳ್ಳಿತ್ತು ಎಂದು ಬರೆದುಕೊಳ್ಳುವುದು. ತೊರಪಳ್ಳಿ ಕಡೆಯ ಮಲಯಾಳಿ ಲಾರಿ ಡ್ರೈವರನೊಬ್ಬ ಮಾತ್ರ ನಮ್ಮ ರೀತಿ ತಿಳಿಯದೆ, ಕೈ ತಲೆಯ ಮೇಲಿದ್ದರೂ "ಎಂಡಮ್ಮೋ!" ಎಂದು ನೋವಿನಿಂದ ಅಮ್ಮನನ್ನು ಕೂಗಿಬಿಟ್ಟ. ಅವನದು ಹೊರಗಿನಿಂದ ಬಂದ ನೋವು, ನಮ್ಮ ವ್ಯಾಪ್ತಿಗೆ ಸೇರದ್ದು ಎಂದು ವೈದ್ಯರು ತೀರ್ಮಾನಿಸಿದರು.

ಗೌಡರ ಆಪರೇಷನ್ನನ್ನು ಮುಂದೂಡಬೇಕಾಯಿತು. ಕರ್ತವ್ಯದಲ್ಲಿರುವ ಅಧಿಕಾರಿಯ ಪ್ರಜ್ಞೆ ತಪ್ಪಿಸಲು ನಿಯಮದಲ್ಲಿ ಅವಕಾಶವಿಲ್ಲ.

"ಹರ್ನಿಯಾ ಕಾಯುತ್ತೆ ಅಯ್ಯ, ಸಂತೃಪ್ತಿ ಕಾಯಲ್ಲ" ಎಂದರು ಜಯರಾಮನ್. ಗೌಡರಿಗೂ ಶಾಲು ಹಿಡಿಸಿತ್ತು, ತಲೆಯಾಡಿಸಿದರು.

ಮದರಾಸಿನವರಿಗೆ ಬಹಳ ಸಂತೋಷವಾಯಿತು. ನಮಗೊಂದು ಹಿತ್ತಾಳೆಯ ಫಲಕ ಬಂತು. ಅದನ್ನು ತಂದ ವ್ಯಾನೇ ಹಿಂದಿರುಗುವಾಗ ನಮ್ಮ ಈಥರ್, ಮಾರ್ಫಿನ್ ಎಲ್ಲವನ್ನೂ ತುಂಬಿಕೊಂಡು ಹೊರಟಿತು. 'ನೋವಿಲ್ಲದ ಆಸ್ಪತ್ರೆಯಲ್ಲಿ ನೋವಿನ ಔಷಧಿ ಇಡುವುದು ದುಂದು. ಅದನ್ನು ನೋವಿರುವ ಜಿಲ್ಲೆಗಳಿಗೆ ಹಂಚತಕ್ಕದ್ದು' ಎಂದು ಆಜ್ಞೆಯಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ನಾವು ಫಲಕವನ್ನು ಹುಣಸೆಹಣ್ಣಿನಿಂದ ಉಜ್ಜಿ ಗೇಟಿಗೆ ತೂಗುಹಾಕಿದೆವು. ಅಂದಿನಿಂದ ಆಪರೇಷನ್ನುಗಳು ಅರಿವಳಿಕೆಯಿಲ್ಲದೆ, ಗೌಡರ ಕೈಯ ಕೆಳಗೇ ನಡೆದವು. ಹಲ್ಲು ಕಚ್ಚಿಕೊಂಡು ಮಲಗಿದವರ ಮುಖ ನೋಡದೆ ನಾನು ಒಳ್ಳಿತ್ತು ಎಂದು ಬರೆದುಕೊಳ್ಳುತ್ತಿದ್ದೆ. ಕಚ್ಚಿದ ಹಲ್ಲಿನ ಬಗ್ಗೆ ಯಾವ ಆಜ್ಞೆಯೂ ಇರಲಿಲ್ಲ.

ಒಂದು ಬೆಳಿಗ್ಗೆ ಗೌಡರ ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡಿತು. ಈಗಲೇ ಕೊಯ್ಯದಿದ್ದರೆ ಜೀವಕ್ಕೇ ಅಪಾಯವೆಂದು ಜಯರಾಮನ್ ಅವರನ್ನು ಮೇಜಿನ ಮೇಲೆ ಮಲಗಿಸಿದರು.

"ನನಗಾದ್ರೂ ಮೂಗಿಗೆ ಹಿಡಿಯೋದು ಎತ್ತಿಟ್ಟಿಲ್ವಾ?" ಎಂದರು ಗೌಡರು.

"ನಿಮ್ಮ ಪುಣ್ಯದಿಂದ ಅದರ ಅಗತ್ಯವೇ ಹೋಯ್ತಲ್ಲ, ಅಯ್ಯ."

ಚಾಕು ಚರ್ಮಕ್ಕೆ ತಾಗಿದ್ದೇ ಮಲ್ಲ ಗೌಡರು ಕಿರುಚಿದ ರಭಸಕ್ಕೆ ಗೋಡೆಯ ಸುಣ್ಣ ಉದುರಿತು. ಅಷ್ಟು ದಿನದ ಮೇಲೆ ನಮ್ಮ ಆಸ್ಪತ್ರೆಯಲ್ಲಿ ಕೇಳಿಸಿದ ಮೊದಲ ಸ್ಥಳೀಯ ನೋವು ಅದು. "ಬರ್ಕೊಳ್ಳೋ! ನೋವು ಅಂತ ಬರ್ಕೋ! ಮದರಾಸಿಗೆ ತಂತಿ ಕೊಡು!" ಎಂದು ನನ್ನ ಅಂಗಿ ಹಿಡಿದರು. ಅವರು ಹೇಳಿದ್ದು ನ್ಯಾಯವೇ. ಒಂದು ನೋವು ವರದಿಯಾದರೆ ಸಾಕು, ಊಟಿಯ ಉಗ್ರಾಣದಿಂದ ಮಧ್ಯಾಹ್ನದೊಳಗೆ ಈಥರ್ ಬರುತ್ತಿತ್ತು. ನಾನು ಪೆನ್ನು ತೆಗೆದೆ. ನಿಜ ಹೇಳುತ್ತೇನೆ, ಸಂತೋಷದಿಂದಲೇ ತೆಗೆದೆ.

ಜಯರಾಮನ್ ನನ್ನ ಕೈ ತಡೆದರು. "ಅಧಿಕಾರಿಯನ್ನು ವಿಚಾರಿಸೋಕೆ ಅವರಿಗಿಂತ ಹಿರಿಯರು ಬೇಕು. ನೀವು ವಿಚಾರಿಸಿದ್ದು ಲೆಕ್ಕಕ್ಕಿಲ್ಲ. ಇವರಿಗಿಂತ ಹಿರಿಯರು ಯಾರಿದ್ದಾರೆ?"

ಇದ್ದದ್ದು ಒಬ್ಬರೇ, ಗೌಡರ ಅಕ್ಕ ಮಾತಿ. ತಾಯಿ ಸತ್ತ ಮೇಲೆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಹೊಲ ಮಾಡಿ ಸಾಕಿದವಳು. ಜೀಪು ಹೋಗಿ ಕರೆತಂದಿತು. ಬಾಗಿದ ಬೆನ್ನು, ಬಾಯಲ್ಲಿ ಹಲ್ಲಿಲ್ಲ. ಬಂದವಳೇ ತಮ್ಮನ ತಲೆಯ ಮೇಲೆ ಕೈಯಿಟ್ಟಳು.

"ಬದುಕು, ಬದುಕು. ಒಳ್ಳಿತ್ತಾ, ಮಲ್ಲ?"

ಗೌಡರು ನನ್ನ ಪೆನ್ನು ನೋಡಿದರು. ಜಯರಾಮನ್ ಕೈಯ ಚಾಕು ನೋಡಿದರು. ಕೊನೆಗೆ ಅಕ್ಕನ ಮುಖ ನೋಡಿದರು.

"ಒಳ್ಳಿತ್ತು, ಅಕ್ಕ."

ಆಪರೇಷನ್ ಚೆನ್ನಾಗಿ ಆಯಿತು. ಅಧಿಕಾರಿಗಳೇ ಸ್ವತಃ ಸೇವೆ ಪಡೆದು ಸಂತೃಪ್ತರಾದ ಬಗ್ಗೆ ಮದರಾಸಿನಿಂದ ವಿಶೇಷ ಅಭಿನಂದನೆ ಬಂತು. ಮಾತಿಯನ್ನು 'ಮೇಲ್ಸಂತೃಪ್ತಿ ಅಧಿಕಾರಿ' ಮಾಡಿ ವಾರ್ಡಿನ ಬಾಗಿಲಲ್ಲಿ ಒಂದು ಸ್ಟೂಲು ಹಾಕಲಾಯಿತು.

ಹೊಲಿಗೆ ಮಾಯುವವರೆಗೆ ಗೌಡರು ಏಳುವ ಹಾಗಿರಲಿಲ್ಲ. ಕೆಲಸ ನಿಲ್ಲಬಾರದಲ್ಲ, ರೋಗಿಗಳನ್ನೇ ಅವರ ಹಾಸಿಗೆಯ ಬಳಿ ಹೊತ್ತು ತರುತ್ತಿದ್ದೆವು. ಮೊದಲು ಬಂದವನು ಭೋಜನ್, ಅಪೆಂಡಿಕ್ಸಿಗೆ ಒಳಗೆ ಹೋಗಬೇಕಾದ ಹರೆಯದ ಹುಡುಗ. ಸ್ಟ್ರೆಚರಿನಲ್ಲೇ ತಲೆ ಬಾಗಿಸಿದ. ಗೌಡರು ಕೈ ಎತ್ತುವಾಗ ಹೊಲಿಗೆ ಎಳೆದು ಮುಖ ಬೆವರಿತು.

"ಬದುಕು, ಬದುಕು. ಒಳ್ಳಿತ್ತಾ?"

"ಒಳ್ಳಿತ್ತು, ಅಯ್ಯ." ಹುಡುಗ ಮೆಲ್ಲಗೆ ಕೇಳಿದ, "ನೀವೂ ಮಾಡಿಸ್ಕೊಂಡ್ರಂತೆ. ನೋವಾಯ್ತಾ?"

ಗೌಡರು ಬಾಯಿ ತೆರೆದರು. ಬಾಗಿಲಲ್ಲಿ ಕೂತಿದ್ದ ಮಾತಿ ಇತ್ತ ತಿರುಗಿ ನೋಡಿದಳು.

"ನನಗೂ ಒಳ್ಳಿತ್ತು, ಮಗಾ" ಎಂದರು ಮಲ್ಲ ಗೌಡರು. ಹುಡುಗ ಧೈರ್ಯ ತಂದುಕೊಂಡ, ನಾವು ಅವನನ್ನು ಒಳಗೆ ಕೊಂಡೊಯ್ದೆವು.