ಎಲ್ಲ ಬಸ್ಸಿಗೂ ಹತ್ತಿಸಿದ ವಿಡಿಯೋ

ಹೆಮ್ಮೆ ಬೇರೆ, ಜಂಬ ಬೇರೆ ಎಂದು ಬಲ್ಲವರು ಹೇಳುತ್ತಾರೆ. ಎರಡರ ನಡುವಿನ ಗಡಿಕಲ್ಲು ಎಲ್ಲಿದೆಯೋ ನನಗಂತೂ ಇದುವರೆಗೆ ಸಿಕ್ಕಿಲ್ಲ. ಸಿಕ್ಕಿದ್ದರೂ ದಾಟಿಯೇ ಬಿಡುತ್ತಿದ್ದೆ. ನಮ್ಮ ಕಡೆಯ ಗಂಡಸರು ಮಗ ದುಬಾಯಿಯಲ್ಲಿದ್ದಾನೆ ಎಂದು ಹೇಳಿಕೊಳ್ಳುತ್ತಾರೆ, ಅಳಿಯ ಹೊಸ ಕಾರು ತೆಗೆದದ್ದನ್ನು ಹೇಳಿಕೊಳ್ಳುತ್ತಾರೆ, ಕೋಣ ಕಂಬಳದಲ್ಲಿ ಮೆಡಲು ತಂದರೆ ಊರಿಡೀ ಸಾರುತ್ತಾರೆ. ಹೆಂಡತಿ ಒಂದು ಕೆಲಸದಲ್ಲಿ ಎತ್ತಿದ ಕೈ ಎಂದು ಹೇಳಲು ಮಾತ್ರ ಅವರಿಗೆ ನಾಲಿಗೆ ಹೊರಳುವುದಿಲ್ಲ. ನನಗೆ ಚೆನ್ನಾಗಿ ಹೊರಳುತ್ತದೆ. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿ ದಿನವಿಡೀ ಊರೂರಿನ ಹೆಸರು ಕೂಗಿ ಜನ ಹತ್ತಿಸಿ ಪಳಗಿದ ನಾಲಿಗೆ ಅದು.

ನನ್ನ ಹೆಂಡತಿ ಜಲಜಾ ರವಿಕೆ ಹೊಲಿಯುತ್ತಾಳೆ. ರವಿಕೆ ಹೊಲಿಯುವವರು ಬೀದಿಗೊಬ್ಬರು ಇದ್ದಾರೆ, ಅದರಲ್ಲಿ ಏನು ದೊಡ್ಡದು ಎಂದು ನೀವು ಕೇಳಿದರೆ ನಿಮ್ಮ ಮನೆಯ ಹೆಂಗಸರನ್ನು ಒಮ್ಮೆ ವಿಚಾರಿಸಿ ನೋಡಿ. ಕೈ ಎತ್ತಿದರೆ ಕಂಕುಳಲ್ಲಿ ಎಳೆಯುತ್ತದೆ, ಕೈ ಇಳಿಸಿದರೆ ಅಲ್ಲೇ ನೆರಿಗೆ ಬೀಳುತ್ತದೆ. ರವಿಕೆ ಎಷ್ಟು ಹಳೆಯದೋ ಈ ದುಃಖವೂ ಅಷ್ಟೇ ಹಳೆಯದು. ಜಲಜಾ ಹೊಲಿದ ರವಿಕೆಯಲ್ಲಿ ಅದು ಇಲ್ಲ. ತೋಳಿನ ಮುಂಭಾಗವನ್ನು ಹಿಂಭಾಗಕ್ಕಿಂತ ಒಂದಿಷ್ಟು ಒಳಗೆ ಕತ್ತರಿಸುವುದರಲ್ಲಿ ಅವಳ ಗುಟ್ಟು ಇದೆ. ಆ 'ಒಂದಿಷ್ಟು' ಎಷ್ಟು ಎಂಬುದನ್ನು ಅವಳು ಅಳತೆಪಟ್ಟಿಯಿಂದಲ್ಲ, ಎದುರಿಗೆ ನಿಂತವರ ಹೆಗಲನ್ನು ನೋಡಿ ಹೇಳುತ್ತಾಳೆ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಹೆಗಲನ್ನು ಇವಳು ಅಷ್ಟು ಹೊತ್ತು ನೋಡಿದಳೆಂದರೆ, ಆಕೆ ಗಾಬರಿಯಾಗಿ ಕರಿಮಣಿ ಮುಟ್ಟಿ ನೋಡಿಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಳು.

ಸಿದ್ದಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಹೊಲಿದು ಹೊಲಿದು ಅವಳಿಗೆ ಒಂದು ಆಸೆ ಹುಟ್ಟಿತ್ತು. ತನ್ನದೇ ಒಂದು ಹೊಲಿಗೆ ಕ್ಲಾಸ್ ಮಾಡಬೇಕು, ನಾಲ್ಕು ಜನ ಹುಡುಗಿಯರು ತನ್ನನ್ನು ಟೀಚರ್ ಎಂದು ಕರೆಯಬೇಕು. ಬಾಯಿ ಬಿಟ್ಟು ಹೇಳಿದವಳಲ್ಲ. ಆದರೆ ಶಾಲೆಯ ಟೀಚರೊಬ್ಬರು ರವಿಕೆಗೆ ಅಳತೆ ಕೊಡಲು ಬಂದಾಗ ಅವರ ಹಿಂದೆ ಬಂದ ಮಕ್ಕಳು "ಟೀಚರ್, ಟೀಚರ್" ಎನ್ನುವುದನ್ನು ಇವಳು ಕತ್ತರಿ ನಿಲ್ಲಿಸಿ ಕೇಳುತ್ತಿದ್ದಳು. ಕಡೆಗೂ ಮೂಡುಬಿದಿರೆಯಲ್ಲಿ ಒಂದು ಬೇಕರಿಯ ಮೇಲೆ ರೂಮು ಸಿಕ್ಕಿತು. ಬೋರ್ಡು ಬಿತ್ತು. ವಿದ್ಯಾರ್ಥಿಗಳು ಮೂವರು ಬಂದರು. ಅವರಲ್ಲಿ ಇಬ್ಬರು ಅಕ್ಕತಂಗಿಯರು, ಆದ್ದರಿಂದ ಆ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಕ್ಲಾಸಿಗೇ ರಜೆ. ಕಟ್ಟಡದ ಮಾಲಕರು ಒಂದು ದಿನ ಮೇಲೆ ಬಂದು ಖಾಲಿ ಬೆಂಚುಗಳನ್ನು ನೋಡಿ, "ಜಲಜಕ್ಕ, ಬೇಜಾರು ಮಾಡಬೇಡಿ. ಮೊಬೈಲ್ ಅಂಗಡಿಯವರು ರೂಮು ಕೇಳ್ತಾ ಇದ್ದಾರೆ. ತಿಂಗಳ ಕೊನೆಯವರೆಗೆ ನೋಡುವ. ಕ್ಲಾಸ್ ತುಂಬಿದರೆ ನೀವೇ ಇರಿ" ಎಂದರು. ಜಲಜಾ ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

"ನೀನು ಸುಮ್ಮನಿರು, ನಾನು ತುಂಬಿಸ್ತೇನೆ" ಎಂದೆ.

"ನೀವಾ? ನಿಮಗೆ ಬಸ್ಸು ತುಂಬಿಸಿ ಗೊತ್ತು, ಅಷ್ಟೆ" ಎಂದಳು.

ಅವಳು ಮೂದಲಿಸಿದ್ದು. ನನಗೆ ಮಾತ್ರ ಅದರಲ್ಲೇ ದಾರಿ ಕಂಡಿತು. ಬಿ.ಸಿ.ರೋಡಿನಲ್ಲಿ ಒಂದು ಗಂಟೆ ನಿಂತವರಿಗೆ ಗೊತ್ತು, ವಿಟ್ಲಕ್ಕೆ ಹೋಗುವವರು ಬೆಳ್ತಂಗಡಿ ಬಸ್ಸು ಹತ್ತುವುದಿಲ್ಲ. ಎಕ್ಸ್‌ಪ್ರೆಸ್ಸಿನವರಿಗೆ ನಿಂತು ನಿಂತು ಹೋಗುವ ಸರ್ವಿಸ್ ಬಸ್ಸೆಂದರೆ ತಾತ್ಸಾರ, ಸರ್ವಿಸ್ ಬಸ್ಸಿನವರಿಗೆ ಎಕ್ಸ್‌ಪ್ರೆಸ್ ತಮ್ಮ ಮನೆ ಗೇಟಿನಲ್ಲಿ ನಿಲ್ಲುವುದಿಲ್ಲವೆಂಬ ಸಿಟ್ಟು. ಎಲ್ಲರೂ ಬೇಕೆಂದರೆ ಎಲ್ಲ ಬಸ್ಸಿಗೂ ಕೂಗಬೇಕು. ಜಲಜಾಳ ಹೊಲಿಗೆಯ ವಿಡಿಯೋ ಮಾಡಿ ಹಾಕಿದರೆ ಕ್ಲಾಸು ತುಂಬುತ್ತದೆ, ವಿಡಿಯೋ ತಾಣಗಳೂ ಬಸ್ಸಿನ ಹಾಗೆಯೇ ಎಂದು ನನ್ನ ಸಿದ್ಧಾಂತ. ದೊಡ್ಡ ತಾಣ ಒಂದಿದೆಯಲ್ಲ, ಅಡುಗೆಯಿಂದ ಹಿಡಿದು ಆಪರೇಷನ್ನಿನವರೆಗೆ ಎಲ್ಲವೂ ಸಿಗುವಂಥದ್ದು, ಅದು ಎಕ್ಸ್‌ಪ್ರೆಸ್. ನೆಂಟರಿಷ್ಟರು, ಹಳೆಯ ಸಹಪಾಠಿಗಳು ಹುಟ್ಟುಹಬ್ಬಕ್ಕೆ ಹಾರೈಸಿಕೊಳ್ಳುವ ತಾಣ ಸರ್ವಿಸ್ ಬಸ್ಸು, ಎಲ್ಲ ಗೇಟಿನಲ್ಲೂ ನಿಲ್ಲುತ್ತದೆ. ಹುಡುಗ ಹುಡುಗಿಯರು ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತಾ ನೋಡುವ ತುಂಡು ವಿಡಿಯೋಗಳದ್ದು ರಿಕ್ಷಾ: ಹತ್ತುವುದರೊಳಗೆ ಇಳಿಯುವ ಜಾಗ ಬಂದಿರುತ್ತದೆ. ಇನ್ನು ಕೆಲವು ವಿದೇಶದ ತಾಣಗಳಿವೆ. ಅವುಗಳಲ್ಲಿ ಯಾರು ಓಡಾಡುತ್ತಾರೋ ಗೊತ್ತಿಲ್ಲ, ಆದರೂ ಖಾಲಿ ಬಸ್ಸು ಬಂದರೂ ಕೂಗುವುದು ನನ್ನ ಧರ್ಮ.

ಒಂದು ಭಾನುವಾರ ಜಗಲಿಯಲ್ಲಿ ಚಿತ್ರೀಕರಣ ಮುಗಿಯಿತು. ಮನೆಯಲ್ಲಿ ಬಾಯಿ ತೆರೆದರೆ ತುಳುವಿನಲ್ಲಿ ಸಿಡಿಮದ್ದು ಹಾರಿಸುವ ಜಲಜಾ, ಮೊಬೈಲು ಎದುರಿಗೆ ಬಂದ ಕೂಡಲೇ ಶಾಲೆಯ ಪಾಠಪುಸ್ತಕವಾದಳು. "ಪ್ರಿಯ ವೀಕ್ಷಕರೇ, ಈಗ ನಾವು ಬಟ್ಟೆಯನ್ನು ಎರಡಾಗಿ ಮಡಚುವ. ಅವಸರ ಬೇಡ." ಕೇಳಿದರೆ ಕೈಮುಗಿಯಬೇಕು ಎನಿಸುವಂಥ ಕನ್ನಡ. ಮೊದಲು ಎಕ್ಸ್‌ಪ್ರೆಸ್ಸಿಗೆ ಅಡ್ಡ ವಿಡಿಯೋ ಹತ್ತಿಸಿದೆ, ಸಲೀಸಾಗಿ ಹೋಯಿತು. ರಿಕ್ಷಾದವರಿಗೆ ಅದೇ ವಿಡಿಯೋ ಉದ್ದುದ್ದಕ್ಕೆ ಬೇಕು, ಒಂದು ನಿಮಿಷದೊಳಗೆ ಬೇಕು. ನಾನು ಎರಡು ಬದಿಯನ್ನೂ ಕತ್ತರಿಸಿ ಹಾಕಿದೆ. ಹಾಕಿದ ಮೇಲೆ ನೋಡಿದರೆ ಜಲಜಾಳೂ ಇಲ್ಲ, ಬಟ್ಟೆಯೂ ಇಲ್ಲ. ನಡುವಿನಲ್ಲಿದ್ದ ಹೊಲಿಗೆ ಮೆಷಿನಿನ ಚಕ್ರ ಮಾತ್ರ ಒಂದು ನಿಮಿಷ ತಿರುಗುತ್ತಿದೆ, ಹಿಂದಿನಿಂದ ಅಶರೀರವಾಣಿ "ಇಲ್ಲಿ ಸರಿಯಾಗಿ ಗಮನಿಸಿ" ಎನ್ನುತ್ತಿದೆ. ಬಟ್ಟೆ ಕತ್ತರಿಸುವುದು ಅವಳಿಗೆ ಬರುತ್ತದೆ, ವಿಡಿಯೋ ಕತ್ತರಿಸುವುದು ನನಗೆ ಬರುವುದಿಲ್ಲ ಎಂದು ಆ ದಿನವೇ ಮನೆಯಲ್ಲಿ ತೀರ್ಮಾನವಾಯಿತು. ಮತ್ತೆ ಮೊಬೈಲನ್ನು ನೆಟ್ಟಗೆ ಹಿಡಿದು ಪೂರಾ ಹೊಸದಾಗಿ ತೆಗೆದೆವು.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಚ್ಚಲಿನ ಹಿಂದೆ ಒಂದು ಕಡೆ ಮಾತ್ರ. ಅಲ್ಲಿ ನಿಂತು ಎರಡು ಹತ್ತಿಸುವುದರೊಳಗೆ ಸಾಕಾಗಿ, ಉಳಿದ ತಾಣಗಳಿಗೆ ವಿಡಿಯೋ ಹತ್ತಿಸಿದ್ದು ಬಿ.ಸಿ.ರೋಡಿನಲ್ಲಿ, ಒಂದು ಬಸ್ಸು ಹೋಗಿ ಇನ್ನೊಂದು ಬರುವ ನಡುವೆ. ಸರ್ವಿಸ್ ಬಸ್ಸಿನ ತಾಣಕ್ಕೆ ಆರಂಭದಲ್ಲಿ ನನ್ನದೇ ಧ್ವನಿಯಲ್ಲಿ ಎರಡು ಮಾತು ಸೇರಿಸುವ ಆಸೆಯಾಯಿತು. ಸೇರಿಸಿದೆ. ಅದರ ಹಿಂದಿನಿಂದ ಕಂಡಕ್ಟರನೊಬ್ಬ "ವಿಟ್ಲ ವಿಟ್ಲ ವಿಟ್ಲ" ಎಂದು ಕೂಗಿದ್ದು ನನಗೆ ಕೇಳಿಸಿರಲಿಲ್ಲ. ದಿನವೂ ಕೇಳುವ ಕಿವಿಗೆ ಅದು ಸದ್ದೇ ಅಲ್ಲ. ಮೊದಲ ಪ್ರತಿಕ್ರಿಯೆ ಹೀಗೆ ಬಂತು: "ವಿಡಿಯೋ ಲಾಯ್ಕ ಉಂಟು. ವಿಟ್ಲಕ್ಕೆ ಲಾಸ್ಟ್ ಬಸ್ ಎಷ್ಟು ಗಂಟೆಗೆ?" ಉತ್ತರ ಕೊಟ್ಟೆ. ಗೊತ್ತಿದ್ದೂ ಹೇಳದಿರಲು ನನ್ನಿಂದಾಗುವುದಿಲ್ಲ.

ಆಮೇಲಿನದ್ದನ್ನು ಹೇಳುವಾಗ ಅಂಗಿಯ ಗುಂಡಿ ನನ್ನ ಎದೆಗೆ ಸಾಲುವುದಿಲ್ಲ. ನೋಡಿದರು ಮಾರಾಯ್ರೆ, ಲೋಕವೇ ನೋಡಿತು! ಕುವೈತಿನಿಂದ ಒಬ್ಬರು ಬರೆದರು, ಕಾಸರಗೋಡಿನಿಂದ ಬರೆದರು. ಬೆಂಗಳೂರಿನ ಹುಡುಗಿಯೊಬ್ಬಳು, "ಮೇಡಂ, ನಿಮ್ಮ ಕನ್ನಡ ಕೇಳೋಕೇ ಇನ್ನೊಂದ್ ಸಲ ನೋಡ್ದೆ, ಬ್ಲೌಸ್ ಹೊಲಿಯಲ್ಲ ನಾನು" ಎಂದಳು. ಖಾಲಿ ಬಸ್ಸೆಂದು ನಾನು ತಿಳಿದಿದ್ದ ವಿದೇಶಿ ತಾಣದಲ್ಲಿ ಯಾರೋ ನಮಗೆ ಓದಲು ಬಾರದ ಲಿಪಿಯಲ್ಲಿ ಉದ್ದಕ್ಕೆ ಬರೆದಿದ್ದರು. ಹೊಗಳಿಕೆಯೇ ಇರಬೇಕೆಂದು ನಾವಿಬ್ಬರೂ ಒಪ್ಪಿಕೊಂಡೆವು, ಜಲಜಾ "ಧನ್ಯವಾದಗಳು, ಬರ್ತಾ ಇರಿ" ಎಂದು ಉತ್ತರಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ ನಾನು ತೋರಿಸಿದೆ. ಸಿಗದವರನ್ನು ಹಿಡಿದು ತೋರಿಸಿದೆ.

ಕ್ಲಾಸಿನಲ್ಲಿ ಮಾತ್ರ ಅದೇ ಮೂವರು. ತಿಂಗಳು ಮುಗಿಯುತ್ತಾ ಬಂತು. ಒಂದು ಸಂಜೆ ಜಲಜಾ, "ಕುವೈತಿನವರು ಬೆಂಚಿನಲ್ಲಿ ಬಂದು ಕೂತ್ಕೊಳ್ತಾರಾ? ಬೋರ್ಡು ಇಳಿಸುವ, ಆಯ್ತಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. ಲೋಕಕ್ಕೆಲ್ಲ ತೋರಿಸುತ್ತಿದ್ದ ಮೊಬೈಲನ್ನು ನಾನು ಜೇಬಿಗೆ ಹಾಕಿಕೊಂಡೆ.

ಅದೇ ವಾರ ಬೆಳ್ತಂಗಡಿಯಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಮುಖ ಸಪ್ಪೆ ಮಾಡಿಕೊಂಡು ಹೋದೆವು. ಊಟದ ಸಾಲಿನಲ್ಲಿ ನಿಂತಿದ್ದಾಗ ನನ್ನ ತಮ್ಮನ ಹೆಂಡತಿಯ ಅಕ್ಕ ವನಜಕ್ಕ ಎದುರಾದರು. ಅವರು ವೇಣೂರಿನವರು, ಮಾತಿಗೆ ನಿಂತರೆ ಅನ್ನ ಆರುವವರೆಗೂ ನಿಲ್ಲುವವರು. ನನ್ನನ್ನು ಕಂಡದ್ದೇ ತಟ್ಟೆ ಹಿಡಿದ ಕೈಯನ್ನೇ ಮೇಲಕ್ಕೆತ್ತಿ, "ನೋಡಿ ಭಾವ, ಎಲ್ಲಿಯಾದರೂ ನೆರಿಗೆ ಉಂಟಾ? ಜಲಜಕ್ಕನ ವಿಡಿಯೋ ನೋಡಿಯೇ ಬಿಚ್ಚಿ ಪುನಃ ಹೊಲಿದದ್ದು" ಎಂದರು. ಹಿಂದಿದ್ದ ಇಬ್ಬರು ಹೆಂಗಸರು ತಾವೂ ನೋಡಿದ್ದೇವೆ ಎಂದರು. ಅವರಲ್ಲೊಬ್ಬರು ಮೂಡುಬಿದಿರೆಯವರು, ನಮ್ಮ ರೂಮಿನ ಕೆಳಗಿನ ಬೇಕರಿಯಿಂದಲೇ ಬ್ರೆಡ್ ಒಯ್ಯುವವರು.

ನನಗೆ ರೇಗಿತು. "ಅಷ್ಟೆಲ್ಲ ನೋಡಿದವರು ಕ್ಲಾಸಿಗೆ ಯಾಕೆ ಬರಲಿಲ್ಲ?" ಎಂದು ಕೇಳಿಯೇ ಬಿಟ್ಟೆ.

ವನಜಕ್ಕನಿಗೆ ನನಗಿಂತ ಹೆಚ್ಚು ರೇಗಿತು. "ಕರೆಯದೆ ಹೇಗೆ ಬರೂದು ಭಾವ? ಲೋಕಕ್ಕೆಲ್ಲ ತೋರಿಸಿದ್ದೀರಿ, ನಮ್ಮಲ್ಲಿಗೆ ಬಂದು ಒಂದು ಮಾತು ಹೇಳಿದ್ದುಂಟಾ?"

"ವಿಡಿಯೋದ ಕೊನೆಗೆ ಎಲ್ಲರೂ ಬನ್ನಿ ಅಂತ ಹಾಕಿದ್ದೇನಲ್ಲ!"

"ಎಲ್ಲರೂ ಬನ್ನಿ ಅಂದರೆ ವನಜ ಬರಬೇಕು ಅಂತ ಉಂಟಾ? ಈ ಮನೆಯವರನ್ನು ನೋಡಿ. ಹೇಳಿಕೆ ಹೇಳ್ಲಿಕ್ಕೆ ಬಂದಾಗ ನಾನಿರಲಿಲ್ಲ. ಮಗನ ಹತ್ರ ಹೇಳಿ ಹೋದದ್ದು ಸಾಕಾಗೂದಿಲ್ಲ ಅಂತ ಪುನಃ ಬಂದ್ರು. ಹಾಗೆ ಕರೆದ ಕಾರಣ ನಾನು ಇಲ್ಲಿ ನಿಂತದ್ದು." ಇದೆಲ್ಲ ತುಳುವಿನಲ್ಲಿ ನಡೆದ ಮಾತು, ಕನ್ನಡಕ್ಕೆ ಬರುವಾಗ ಅರ್ಧ ಖಾರ ಇಳಿದುಹೋಗಿದೆ.

ತಲೆಗೆ ಕುಟ್ಟಿದ ಹಾಗಾಯಿತು. ಹೇಳಿಕೆ ಎಂದರೇನೆಂದು ಬೇರೆ ಊರಿನವರಿಗೆ ಹೇಳಬೇಕು. ನಮ್ಮ ಕಡೆ ಕಾಗದ ಅಚ್ಚು ಹಾಕಿಸಿದರೆ ಆಮಂತ್ರಣವಾಗುವುದಿಲ್ಲ. ಮನೆಗೆ ಹೋಗಬೇಕು, ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು, ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಬರಬೇಕು ಎನ್ನಬೇಕು. ನಮ್ಮ ಮದುವೆಗೆ ವಿಟ್ಲದ ದೊಡ್ಡಪ್ಪ ಬರಲಿಲ್ಲ. ಅವರ ಮನೆಯಲ್ಲಿ ಬೀಗ ಕಂಡು ಕಾಗದವನ್ನು ಗೇಟಿಗೆ ಸಿಕ್ಕಿಸಿ ಬಂದಿದ್ದೆವು. ಆ ದಿನ ಇಸ್ತ್ರಿ ಹಾಕಿದ ಪಂಚೆ ಉಟ್ಟು ಬೆಳಗಿನಿಂದ ಜಗಲಿಯಲ್ಲೇ ಕೂತಿದ್ದರಂತೆ, ಮದುವೆಗೆ ಮಾತ್ರ ಬರಲಿಲ್ಲ. ಇಂಥ ಊರಿನಲ್ಲಿ ಹುಟ್ಟಿ ಬೆಳೆದವನು ನಾನು, ನಾಲ್ಕು ತಾಣಕ್ಕೆ ವಿಡಿಯೋ ಹತ್ತಿಸಿ ಜನ ಬರಲಿಲ್ಲವೆಂದು ಗೊಣಗುತ್ತಿದ್ದೆ.

ಮರುದಿನವೇ ರಜೆ ಹಾಕಿದೆ. ಜಲಜಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಸಿದ್ದಕಟ್ಟೆ, ವೇಣೂರು, ಮೂಡುಬಿದಿರೆ, ಮನೆ ಮನೆ. ಒಂದು ಮನೆಯಲ್ಲಿ ಬೆಲ್ಲ ನೀರು, ಇನ್ನೊಂದರಲ್ಲಿ ಶರಬತ್ತು, ಮತ್ತೊಂದರಲ್ಲಿ ಎಳನೀರಿನ ಬೊಂಡ, ಕಡೆಗೆ ನನ್ನ ಹೊಟ್ಟೆಯೊಳಗೆ ಕೆರೆ ತುಳುಕುವ ಸದ್ದು ಸ್ಕೂಟರಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಎಲ್ಲರೂ ವಿಡಿಯೋ ನೋಡಿದವರೇ. ಆದರೂ ನಾನು ಮೊಬೈಲು ತೆಗೆದಾಗ, "ಹೌದಾ? ನಮಗೆ ಗೊತ್ತೇ ಇಲ್ಲ" ಎಂದು ಮೊದಲ ಸಲ ನೋಡುವವರಂತೆ ನೋಡಿ, ಮುಂದೆ ಏನು ಬರುತ್ತದೆಂದು ತಾವೇ ಹೇಳಿ ಸಿಕ್ಕಿಬೀಳುತ್ತಿದ್ದರು. ಜಲಜಾ ಒಬ್ಬೊಬ್ಬರ ಹೆಗಲು ನೋಡಿ ಹೆಸರು ಹಿಡಿದು ಕರೆದಳು. "ಸುನೀತಾ, ನೀನು ಬರಲೇಬೇಕು. ನಿನ್ನ ರವಿಕೆಯ ಬಲಗೈ ಸರಿ ಮಾಡ್ಲಿಕ್ಕುಂಟು" ಎಂದರೆ ಬಾರದಿರುವವರು ಯಾರು?

ತಿಂಗಳ ಕೊನೆಗೆ ಮಾಲಕರು ಮೇಲೆ ಬರುವಾಗ ಮೆಟ್ಟಿಲುಗಳ ಮೇಲಿದ್ದ ಚಪ್ಪಲಿಗಳನ್ನು ದಾಟುತ್ತಾ ಬರಬೇಕಾಯಿತು. ಬಾಗಿಲಲ್ಲಿ ನಿಂತು ನೋಡಿದರು. ಬೆಂಚು ಸಾಲದೆ ವನಜಕ್ಕ ನೆಲದಲ್ಲಿ ಕೂತಿದ್ದರು. "ಆಯ್ತು ಟೀಚರ್, ನೀವೇ ಇರಿ" ಎಂದು ಹೇಳಿ ಅವರು ಇಳಿದುಹೋದರು. ಜಲಜಾ ಸೀಮೆಸುಣ್ಣ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಬಾಗಿಲ ಹೊರಗಿದ್ದ ನಾನೂ ಕಣ್ಣೊರೆಸಿಕೊಂಡೆ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹಾಗಾದರೆ ನಿಮ್ಮ ವಿಡಿಯೋದಿಂದ ಏನೂ ಆಗಲಿಲ್ಲವಲ್ಲ ಎಂದು ಯಾರಾದರೂ ಕೊಂಕು ತೆಗೆದರೆ ನನ್ನ ಉತ್ತರ ಸಿದ್ಧವಿದೆ: ನನ್ನ ವಿಡಿಯೋ ಎಲ್ಲ ಕಡೆ ಮುಟ್ಟದೇ ಇದ್ದಿದ್ದರೆ ಅವರಿಗೆ ಕರೆಯಲಿಲ್ಲವೆಂದು ಮುನಿಸಿಕೊಳ್ಳಲು ವಿಷಯವಾದರೂ ಎಲ್ಲಿರುತ್ತಿತ್ತು?

ಈಗ ನನ್ನ ಹೆಸರೂ ಸ್ವಲ್ಪ ಓಡುತ್ತಿದೆ. ಮೊನ್ನೆ ಬೆಳ್ತಂಗಡಿಯ ಒಂದು ಸಂಘದವರು, ವಿಡಿಯೋಗಳನ್ನು ಹಲವು ತಾಣಗಳಲ್ಲಿ ಹರಡುವುದು ಹೇಗೆ ಎಂಬ ಬಗ್ಗೆ ನಾನು ಬಂದು ಮಾತಾಡಬೇಕೆಂದು ಕೇಳಿದ್ದಾರೆ. ನನ್ನ ಫೋಟೋ ಇರುವ ಬಣ್ಣದ ಆಮಂತ್ರಣವನ್ನು ಮೆಸೇಜಿಗೆ ಕಳಿಸಿದ್ದಾರೆ, ಇ-ಮೇಲಿಗೆ ಕಳಿಸಿದ್ದಾರೆ, ಸರ್ವಿಸ್ ಬಸ್ಸಿನ ತಾಣದಲ್ಲಿ ಹಾಕಿದ್ದಾರೆ, ಸಾಲದ್ದಕ್ಕೆ ನಮ್ಮ ವಿಡಿಯೋದ ಕೆಳಗೂ ಬರೆದಿದ್ದಾರೆ.

"ಭಾಷಣ ತಯಾರು ಮಾಡಿದ್ರಾ?" ಎಂದು ಜಲಜಾ ಕೇಳಿದಳು.

"ಎಂತ ಭಾಷಣ? ನಾನು ಹೋಗೂದಿಲ್ಲ. ಕರೆಯುವ ಕ್ರಮ ಗೊತ್ತಿಲ್ಲದವರು" ಎಂದೆ.

"ನಾಲ್ಕು ಕಡೆಯಿಂದ ಕರೆದಿದ್ದಾರಲ್ಲ ಮಾರಾಯ್ರೆ!"

"ಕರೆದಿರಬಹುದು. ಮನೆಗೆ ಬಂದಿದ್ದಾರಾ?"

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಯಾಕೆ ನಕ್ಕಳೋ ನನಗೆ ಗೊತ್ತಿಲ್ಲ. ಕಾರ್ಯಕ್ರಮ ನಾಳೆ. ಪ್ಯಾಂಟು ಅಂಗಿಗೆ ಇಸ್ತ್ರಿ ಹಾಕಿಸಿ ಇಟ್ಟಿದ್ದೇನೆ, ಗೇಟಿನ ಚಿಲಕವನ್ನೂ ತೆಗೆದೇ ಇಟ್ಟಿದ್ದೇನೆ.